ನಾದಿನಿ ಕೈಯಾಗಿನ ಡ್ರೋನ್

ತುರ್ವಿಹಾಳ

ಮಸ್ಕಿಯ ನನ್ನ ಅಕ್ಕಗ,

ಫೋನಿನಾಗ ಮಾತಾಡಿದ್ರ ಅತ್ತಿ ಕೇಳಿಸ್ಕೋತಾರ, ಅದಕ್ಕ ಈ ಕಾರ್ಡ್. ನನ್ನ ನಾದಿನಿ ಶಿವಗಂಗಾ ಓದಿದ್ದು ಬರೇ ಹತ್ತನೇ ಕ್ಲಾಸು. ಈಗ ಡ್ರೋನ್ ಹಾರಿಸೋದು ಕಲ್ತು, ಕಾಲಿಗೆ ಕೆಸರು ಹತ್ತದಂಗ ಬದುವಿನ ಮ್ಯಾಲ ನಿಂತು ಊರಮಂದಿ ಭತ್ತಕ್ಕೆಲ್ಲ ಔಷಧ ಹೊಡೀತಾಳ. ರೊಕ್ಕಾನೂ ಭಾಳ ಬರ್ತೈತಿ. ಗೌಡ್ರೇ ಬಂದು ಆಕಿಗೆ ಛತ್ರಿ ಹಿಡೀತಾರ! ಎಂ.ಎ. ಓದಿದಾಕಿ ನಾನು, ಆಕಿ ಹಿಂದ ನೀರಿನ ಕೊಡ ಹೊರಾಕತ್ತೀನಿ. ಕೆಸರಿಗೆ ಕಾಲ್ಬೆರಳು ಹುಣ್ಣಾಗ್ಯಾವ, ಮುಲಾಮು ಕಳಸು.

ನಿನ್ನೆ ಡ್ರೋನ್ ಬೇವಿನಗಿಡಕ್ಕ ಬಡದು ಬಿತ್ತು. ಸುಳ್ಳ್ಯಾಕ ಹೇಳ್ಲಿ, ಹೊಟ್ಟಿ ತಣ್ಣಗಾತು. ಆಕಿ ರಿಮೋಟ್ ನನ್ನ ಕೈಯಾಗ ಕೊಟ್ಟು ಅದನ್ನ ಎತ್ತಾಕ ಓಡಿದ್ಲು. ವಾಪಸ್ ಬಂದು "ಕೊಡ್ರಿ ವೈನಿ" ಅಂತ ಎಲ್ಡು ಸಲ ಕೇಳಿದ್ಲು. ನನ್ನ ಕೈ ಬಿಡಲೇ ಇಲ್ಲ.

ಅತ್ತಿ ಕರ್ಯಾಕತ್ತಾರ.
ವಿಜಯಶ್ರೀ