ಬಡಿಗೇರ ಮಾನಪ್ಪನವರು ಹಲಗೆಯ ಬೆನ್ನಿಗೆ ಬರೆದದ್ದು

ಮಬ್ಬುಗಾಲದ ಐವತ್ತೆರಡನೆಯ ದಿನ.
ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ಇನ್ನೂರ ಹದಿನೇಳನೆಯ ಇಸವಿ.

ಬಡಿಗೇರ ಮಾನಪ್ಪನವರಿಗೆ, ಕಪ್ಪತಗುಡ್ಡದ ಮಗ್ಗುಲ ಊರಿನ ಫಕೀರವ್ವ ಕೈಮುಗಿದು ಬರೆಯುವುದು.

ಮೊದಲು ನನ್ನ ಮಾತಿನ ವಿಚಿತ್ರಕ್ಕೆ ಕ್ಷಮೆ ಇರಲಿ. ನಿಮಗೂ ನನಗೂ ನಡುವೆ ಹತ್ತಿರಹತ್ತಿರ ಇನ್ನೂರು ವರ್ಷ ಬಿದ್ದಿವೆ. ನಾವು ದಿನಾ ಆಡುವ ಕೆಲವು ಮಾತುಗಳನ್ನು ನೀವು ಕೇಳಿರಲಾರಿರಿ. ನಿಮ್ಮ ಮಾತೂ ನಮಗೆ ಒಮ್ಮೊಮ್ಮೆ ಹಾಗೆಯೇ. ನೀವು ಬರೆದ ‘ಮಾಲಕರು’ ಎಂಬ ಶಬ್ದದ ಅರ್ಥಕ್ಕಾಗಿ ನಾನು ಎರಡು ಮನೆ ತಿರುಗಬೇಕಾಯಿತು. ಈ ಕಾಗದ ನಿಮ್ಮ ಕೈಗೆ ಮುಟ್ಟುವುದಿಲ್ಲವೆಂಬುದೂ ನನಗೆ ಗೊತ್ತಿದೆ. ಆದರೆ ನೀವು ಬರೆಯುವಾಗ, ಓದುವವರು ಯಾರೆಂದು ನಿಮಗೆ ತಾನೆ ಗೊತ್ತಿತ್ತೇ?

ತಡಮಾಡದೆ ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ಬದುಕಿದ್ದಾಳೆ. ಇವತ್ತಿಗೆ ತಿಂಗಳು ತುಂಬಿತು. ನಾನಿದನ್ನು ಬರೆಯುತ್ತಿರುವಾಗ ಅವಳು ತೊಟ್ಟಿಲಲ್ಲಿ ಕಾಲು ಬಡಿಯುತ್ತ, ತನ್ನ ಮುಷ್ಟಿಯನ್ನೇ ಬಾಯಿಗೆ ತುರುಕಲು ನೋಡುತ್ತಿದ್ದಾಳೆ. ಹೆಸರು ಇನ್ನೂ ಇಟ್ಟಿಲ್ಲ.

ನಮ್ಮ ಕಾಲದ ಬದುಕು ಸ್ವಲ್ಪ ತಿಳಿಸದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ದೀಪಾವಳಿ ಕಳೆದ ಮೇಲೆ ಸುಮಾರು ಮೂರು ತಿಂಗಳು ನಮ್ಮ ಆಕಾಶ ಬೂದಿ ಬಳಿದ ಗೋಡೆಯ ಹಾಗಿರುತ್ತದೆ. ಇದನ್ನೇ ನಾವು ಮಬ್ಬುಗಾಲ ಎನ್ನುತ್ತೇವೆ. ಬಿಸಿಲಿನಿಂದ ಕರೆಂಟು ಮಾಡುವ ತಗಡುಗಳು ಆಗ ಅರೆಹೊಟ್ಟೆಯಲ್ಲಿರುತ್ತವೆ. ಹುಟ್ಟಿದಷ್ಟು ಕರೆಂಟು ಬಾವಿಯ ಪಂಪಿಗೆ ಮತ್ತು ದವಾಖಾನೆಗೆ ಹೋಗುತ್ತದೆ. ಮನೆಯೊಳಗಿನ ಅಡುಗೆಗೂ ಬಿಸಿಗೂ ಕಟ್ಟಿಗೆಯೇ ಗತಿ. ಪ್ರತಿ ಮನೆಯಲ್ಲೂ ಒಂದು ಬಾಯಿಮುಚ್ಚೊಲೆ ಇರುತ್ತದೆ: ಇಟ್ಟಿಗೆಯ ಗೂಡು, ಅದಕ್ಕೊಂದು ಕಬ್ಬಿಣದ ಕದ, ಮಾಳಿಗೆ ತೂರಿ ಹೊರಹೋಗುವ ಹೊಗೆಕೊಳವೆ. ಊರ ಸುತ್ತಲಿನ ಬಳ್ಳಾರಿ ಜಾಲಿಯನ್ನು ಮನೆಮನೆಗೂ ಪಾಲು ಮಾಡಿಕೊಟ್ಟಿದ್ದಾರೆ. ನಿಮ್ಮವರು ಬೈದು ಬೈದು ಕಡಿದ ಜಾಲಿಯೇ ಈಗ ನಮ್ಮನ್ನು ಸಾಕುತ್ತಿದೆ. ಬುಡ ಬಿಟ್ಟು ಕಡಿಯುತ್ತೇವೆ, ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಕಡಿದು, ಮೊಳದುದ್ದ ಕೊರೆದು, ಬೆಣೆ ಬಡಿದು ಸೀಳಿ, ಕಲ್ಲಿನ ಮೇಲೆ ಗಾಳಿಯಾಡುವಂತೆ ಒಟ್ಟಿ, ಒಂದು ಮಳೆಗಾಲ ತಲೆಯ ಮೇಲೆ ಹೊದಿಕೆ ಹಾಕಿ ಕಾಯಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ಎರಡು ಸೀಳು ಹಿಡಿದು ಒಂದಕ್ಕೊಂದು ಬಡಿಯುತ್ತೇವೆ. ಒಣಗಿದ್ದು ಟಣ್ ಅನ್ನುತ್ತದೆ. ಹಸಿಯದ್ದು ಒದ್ದೆ ಬಟ್ಟೆ ಒಗೆದಂತೆ ಧಪ್ ಅನ್ನುತ್ತದೆ. ಹಸಿ ಕಟ್ಟಿಗೆ ಉರಿಸಿದರೆ ಕೊಳವೆಯೊಳಗೆ ಮಸಿ ಡಾಂಬರಿನಂತೆ ಕಟ್ಟಿಕೊಂಡು, ಒಂದು ದಿನ ಕೊಳವೆಯೇ ಹೊತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಬಲ್ಲವಳು ನಾನು. ಆದರೂ ಈ ವರ್ಷ ನನ್ನ ಕಟ್ಟಿಗೆಯ ಒಟ್ಟಿಲು ತೊಯ್ದುಹೋಯಿತು. ಮಗಳು ಕಾಶವ್ವನನ್ನು ಹೆರಿಗೆಗೆ ಕರೆತರಲು ಹೋದವಳು ಹನ್ನೊಂದು ದಿನ ಅವಳ ಊರಿನಲ್ಲೇ ಉಳಿದೆ. ಹೊದಿಕೆ ಬಿಗಿಯಾಗಿ ಕಟ್ಟಿರಲಿಲ್ಲ. ಹಿಂದೆಯೇ ಅಕಾಲದ ಮಳೆ ಹಿಡಿಯಿತು. ತಿರುಗಿ ಬಂದು ಬಡಿದು ನೋಡಿದರೆ ಇಡೀ ಒಟ್ಟಿಲು ಧಪ್ ಧಪ್. ಪಕ್ಕದ ಮನೆಯ ಇಮಾಂಬಿಯ ಹತ್ತಿರ ಎರಡು ಚಳಿಗಾಲಕ್ಕಾಗುವಷ್ಟು ಒಣ ಜಾಲಿ ಇತ್ತು. ಕೇಳಲು ನನಗೆ ಮೋರೆ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮಿಬ್ಬರ ಪಾಲಿನ ಗಡಿಯ ಮೇಲಿದ್ದ ಮರವೊಂದನ್ನು ನನ್ನದೆಂದು ಕಡಿದುಬಿಟ್ಟಿದ್ದೆ. ಅಂದಿನಿಂದ ಮಾತಿರಲಿಲ್ಲ.

ಕಾಶವ್ವ ಹೆತ್ತಳು, ಹೆಣ್ಣು ಕೂಸು. ಚಳಿ ಬಿಗಿಯಿತು. ಬಾಣಂತಿಯ ಕೋಣೆ ಬೆಚ್ಚಗಿರಲೇಬೇಕು. ನಾನು ಕೈಗಾಡಿ ತಳ್ಳಿಕೊಂಡು ಬಿಟ್ಟೂರಿಗೆ ಹೋದೆ. ಬಿಟ್ಟೂರು ಎಂದರೆ ನಿಮ್ಮ ಕಾಲದವರು ಇದ್ದು ಬಿಟ್ಟುಹೋದ ಊರು. ಅಲ್ಲಿನ ಇಟ್ಟಿಗೆ, ಕಬ್ಬಿಣ, ಮರ ಯಾರು ಬೇಕಾದರೂ ತರಬಹುದು. ಒಂದು ಮನೆಯ ಅರ್ಧ ಗೋಡೆ ಬಿದ್ದಿತ್ತು. ಬಾಗಿಲು, ಕಿಟಕಿ, ತೊಲೆ ಎಲ್ಲವನ್ನೂ ಗೆದ್ದಲು ತಿಂದು ಮಣ್ಣು ಮಾಡಿತ್ತು. ಅಟ್ಟದ ಹಲಗೆಗಳು ಮಾತ್ರ ನಿನ್ನೆ ಜೋಡಿಸಿದಂತೆ ಕೂತಿದ್ದವು, ಒಂದು ತೂತಿಲ್ಲ. ಬಡಿದು ನೋಡಿದೆ, ಗಂಟೆಯ ಹಾಗೆ ಟಣ್ ಎಂದಿತು. ಎಲ್ಲವನ್ನೂ ತಿಂದ ಹುಳ ಇವನ್ನೇಕೆ ಮುಟ್ಟಲಿಲ್ಲವೆಂದು ಆಗಲೇ ಕೇಳಿಕೊಳ್ಳಬೇಕಿತ್ತು. ನನ್ನ ಅದೃಷ್ಟವೆಂದುಕೊಂಡೆ. ಮೂವತ್ತಾರು ಹಲಗೆ, ಆರು ಸಲ ಗಾಡಿ ತಳ್ಳಿದೆ.

ಅವು ಎಷ್ಟು ಚೆನ್ನಾಗಿ ಉರಿದವೆಂದರೆ, ಹೊತ್ತಿಸಲು ಪುಳ್ಳೆಯೂ ಬೇಕಾಗಲಿಲ್ಲ. ಕದ ತೆರೆದಾಗ ಕಾಶವ್ವ ಹಾಸಿಗೆಯಿಂದಲೇ ನೋಡಿ ಹೇಳಿದಳು:

“ಯವ್ವಾ, ಉರಿ ಹಸರ ಕಾಣಾಕತ್ತೈತಲ್ಲ?”

“ಹಳೇ ಬಣ್ಣ ಇರಬೇಕ ಬಿಡು. ನೀ ಕಣ್ಣ ಮುಚ್ಚಿ ಮಲಕ್ಕೋ.”

ಹಾಗೆಂದವಳು ನಾನೇ. ನನ್ನ ಒಲೆಯ ಕದದ ಅಂಚು ಸವೆದು ಹೊಗೆ ಸ್ವಲ್ಪ ಒಳಗೂ ಸೋರುತ್ತದೆ. ಜಾಲಿಯ ಹೊಗೆಯಾದರೆ ಕಣ್ಣು ಉರಿದು ಸುಮ್ಮನಾಗುತ್ತದೆ. ಮರುದಿನ ಕಾಶವ್ವನಿಗೆ ತಲೆಸಿಡಿತ ಹತ್ತಿತು. ಉಂಡದ್ದೆಲ್ಲ ಕಕ್ಕಿದಳು. ನನಗೂ ಓಕರಿಕೆಯಿಂದ ಬಾಯಲ್ಲಿ ನೀರೂರುತ್ತಿತ್ತು. ಚಳಿ ಹೊಕ್ಕಿದೆಯೆಂದು ಬಗೆದು ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಒಲೆಗೆ ಇನ್ನೆರಡು ತುಂಡು ಹಾಕಿದೆ. ಕೂಸು ಮೊಲೆ ಬಿಟ್ಟಿತು. ಅಳುವುದನ್ನೂ ಬಿಟ್ಟಿತು. ಎತ್ತಿಕೊಂಡರೆ ಕತ್ತು ಒದ್ದೆ ಅರಿವೆಯಂತೆ ಜೋಲುತ್ತಿತ್ತು. ನಾನು ಮತ್ತೂ ಎರಡು ತುಂಡು ಹಾಕಿದೆ. ಮಾನಪ್ಪನವರೇ, ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ನಾಲ್ಕನೆಯ ಹಲಗೆಯನ್ನು ಕೊರೆಯಲು ಇಟ್ಟೆ. ಅದರ ಬೆನ್ನಿಗೆ ಬೆರಳುದಪ್ಪ ಧೂಳು ಮೆತ್ತಿತ್ತು. ಗರಗಸದ ಹಲ್ಲು ಹಾಳಾದೀತೆಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಅದರಡಿಯಿಂದ ನಿಮ್ಮ ಅಕ್ಷರ ಎದ್ದುಬಂತು. ಬಡಿಗರ ಸೀಸದಕಡ್ಡಿಯ ದಪ್ಪ ಗೆರೆ. ನಮ್ಮ ಬರವಣಿಗೆಯ ರೂಪ ಬದಲಾಗಿದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ:

“ಈ ಹಲಗಿಗೆ ಒರಲಿ ಹತ್ತಬಾರ್ದಂತ ಇಸದ ಎಣ್ಣಿ ಬಳದೀನಿ. ಮಾಲಕರು ಹೇಳ್ಯಾರಂತ ಬಳದೀನಿ. ಮುಂದ ಯಾರರ ಕಿತ್ತಿದ್ರ ಒಲಿಗೆ ಹಾಕಬ್ಯಾಡ್ರಿ. ಹೊಗಿ ಕೆಟ್ಟ. ಮಾನಪ್ಪ ಬಡಿಗೇರ. ಮಾರ್ಚ್ ೨೦೨೩.”

ಗೆದ್ದಲಿಗೆ ನಾವೂ ಒರಲಿ ಎಂದೇ ಅನ್ನುತ್ತೇವೆ. ಆ ಒಂದು ಮಾತು ಉಳಿದಿದ್ದಕ್ಕೆ ಉಳಿದದ್ದೆಲ್ಲ ಅರ್ಥವಾಯಿತು. ಗರಗಸ ಎಲ್ಲಿ ಬಿತ್ತೋ ತಿಳಿಯದು. ಒಳಗೆ ಓಡಿ ಕಿಟಕಿಯ ಬಟ್ಟೆ ಕಿತ್ತೆಸೆದೆ, ಕೂಸನ್ನು ಎದೆಗವಚಿಕೊಂಡೆ, ಕಾಶವ್ವನ ತೋಳು ಹಿಡಿದು ಎಬ್ಬಿಸಿದೆ. ಹತ್ತಿರದ ಬಾಗಿಲು ಒಂದೇ ಇತ್ತು. ಇಮಾಂಬಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಕೂಸಿನ ಮುಖ.

“ಬಾಗಲದಾಗ ಯಾಕ ನಿಂತಿ? ಗಾಳಿ ಬರತೈತಿ, ಒಳಗ ಬಾ. ಕೂಸಿನ ಇಲ್ಲಿ ಕೊಡು.”

“ಇಮಾಂಬಕ್ಕಾ, ನಾ ಇಸದ ಕಟ್ಟಿಗಿ ಸುಟ್ಟೀನಿ. ಎರಡ ದಿನಾ ಸುಟ್ಟೀನಿ.”

“ಆಮ್ಯಾಲ ಹೇಳೀಯಂತ. ಮೊದಲ ಆಕಿ ಮೈಮ್ಯಾಲಿನ ಅರಿವಿ ತಗಿ, ಹೊಗಿ ವಾಸನಿ ಹೊಡ್ಯಾಕತ್ತೈತಿ.”

ದವಾಖಾನೆಯ ನರ್ಸ್‌ಬಾಯಿ ಓಡಿಬಂದಳು. ಅಲ್ಲಿಯವರೆಗೆ ಚಳಿಜ್ವರವೆಂದು ಔಷಧ ಕೊಟ್ಟವಳೂ ಅವಳೇ. ನಿಮ್ಮ ಹಲಗೆಯನ್ನು ಓದಿದ ಮೇಲೆ ಅವಳ ಕೈ ಬೇರೆ ಪೆಟ್ಟಿಗೆಗೆ ಹೋಯಿತು. ತಾಯಿ ಮಗುವಿಗೆ ಬಿಸಿನೀರು ಹಾಕಿದರು, ಬಟ್ಟೆ ಬದಲಿಸಿದರು, ಸೂಜಿ ಚುಚ್ಚಿದರು. ವಿಷದ ಹೊಗೆಯೆಂದು ತಿಳಿಯದಿದ್ದರೆ ಇನ್ನೊಂದು ದಿನ ಸುಮ್ಮನೆ ಕಳೆಯುತ್ತಿತ್ತೆಂದು ಆಮೇಲೆ ಹೇಳಿದಳು.

ಮರುದಿನ ಮಧ್ಯಾಹ್ನ ಕೂಸು ಅತ್ತಿತು. ಸಣ್ಣ ಅಳುವಲ್ಲ, ಓಣಿಗೆಲ್ಲ ಕೇಳುವಂಥ ಅಳು. ಕಾಶವ್ವ ಮೊಲೆ ಕೊಟ್ಟಳು. ಕುಡಿಯಿತು. ಕುಡಿಯುವ ಚಪ್ ಚಪ್ ಸದ್ದು ಕೇಳುತ್ತ ನಾನು ಇಮಾಂಬಿಯ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತೆ. ಇಮಾಂಬಿ ನನ್ನ ಮುಂದೆ ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಇಟ್ಟು, “ತಿನ್ನು. ಆ ಮರದ ಜಗಳ ಬ್ಯಾಸಗ್ಯಾಗ ಆಡೂಣಂತ” ಎಂದಳು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅಂದು ಸಂಜೆ ಅವಳೇ ನಾಲ್ಕು ಹೊರೆ ಒಣ ಜಾಲಿ ನಮ್ಮ ಅಂಗಳಕ್ಕೆ ತಂದು ಹಾಕಿದಳು. ನಾನು ಒಲೆಯನ್ನು ಕೆರೆದು ತೊಳೆದು, ಕೊಳವೆ ಇಳಿಸಿ ಮಸಿ ತೆಗೆದು, ಬೂದಿಯನ್ನು ಬಾವಿಯಿಂದ ದೂರ ಹೂತು, ಕದದ ಅಂಚಿಗೆ ಹೊಸ ಮಣ್ಣು ಮೆತ್ತಿದೆ. ಆಮೇಲೆ ಹಚ್ಚಿದ ಬೆಂಕಿ ಹಳದಿಯಾಗಿ, ಎಲ್ಲ ಬೆಂಕಿಯಂತೆ ಇತ್ತು.

ಉಳಿದ ಹಲಗೆಗಳನ್ನು ಇಮಾಂಬಿಯೂ ನಾನೂ ಕೈಗೆ ಚೀಲ ಕಟ್ಟಿಕೊಂಡು ಒಂದೊಂದಾಗಿ ತಿರುವಿ ಒರೆಸಿದೆವು. ಒಂದರ ಮೇಲೆ ಬರೆದಿದ್ದರೆ ಸಾಕಿತ್ತೆಂದು ಯಾರಾದರೂ ಅಂದುಕೊಂಡಾರು. ನೀವು ಮೂವತ್ತಮೂರರ ಮೇಲೂ ಬರೆದಿದ್ದಿರಿ. ಸುಟ್ಟುಹೋದ ಮೂರರ ಮೇಲೂ ಬರೆದೇ ಇದ್ದಿರಬೇಕು. ಓದದೆ ಸುಟ್ಟವಳು ನಾನು. ಮೊದಮೊದಲ ಹಲಗೆಗಳಲ್ಲಿ ಪೂರ್ತಿ ಮಾತಿತ್ತು. ಬರಬರುತ್ತ ಅಕ್ಷರ ಸೊಟ್ಟಗಾಗಿ, ಮಾತು ಸಣ್ಣದಾಗುತ್ತ ಹೋಗಿತ್ತು. ಕೆಲವುಗಳ ಮೇಲೆ “ಇಸ ಐತಿ. ಸುಡಬ್ಯಾಡ್ರಿ” ಎಂದಷ್ಟೇ. ಒಂದರ ಮೇಲೆ, ಯಾರಿಗೆ ಹೇಳಿದ್ದೋ, “ಕೈ ಭಾಳ ಉರಿಯಾಕತ್ತಾವು” ಎಂದಿತ್ತು. ಅದನ್ನು ಓದಿ ಇಮಾಂಬಿ ಬಟ್ಟೆ ಕೆಳಗಿಟ್ಟು, ಚೀಲ ಕಟ್ಟಿದ ಕೈಯಿಂದಲೇ ಆ ಅಕ್ಷರಗಳನ್ನು ಸವರಿದಳು.

ಆ ಹಲಗೆಗಳನ್ನು ಸುಡುವ ಹಾಗಿಲ್ಲ, ಹೂಳುವ ಹಾಗೂ ಇಲ್ಲ. ಊರ ಹೊರಗಿನ ಗಾಡಿಗಳ ಚಪ್ಪರಕ್ಕೆ ಅವನ್ನೇ ಮಾಡಾಗಿ ಹೊಂದಿಸಿ, ಮೇಲೆ ನೀರು ತಾಗದಂತೆ ಹೆಂಚು ಹೊದಿಸಿದ್ದೇವೆ. ಬರಹ ಕೆಳಮುಖವಾಗಿದೆ. ತಲೆಯೆತ್ತಿದವರು ಓದಬಹುದು. ಬಿಟ್ಟೂರಿನಿಂದ ಮರ ತರುವವರು ಈಗ ಎರಡೂ ಮಗ್ಗುಲು ತೊಳೆದು ನೋಡದೆ ಕೊಡಲಿ ಎತ್ತುವುದಿಲ್ಲ. ಬರಹವಿಲ್ಲದ ಮರವನ್ನೂ ಒಲೆಗೆ ಹಾಕುವುದಿಲ್ಲ, ಏಕೆಂದರೆ ಎಲ್ಲ ಬಡಿಗರೂ ನಿಮ್ಮಂತೆ ಬರೆದಿರಲಾರರು. ನಿಮ್ಮ ಕಾಲದ ಬೇರೆ ಯಾರಾದರೂ ಇದನ್ನು ಓದುವುದಾದರೆ ಅವರಿಗೂ ಒಂದು ಮಾತು: ಮರಕ್ಕೆ ಏನು ಬಳಿದಿರೋ ಅದನ್ನು ಅದರ ಮೇಲೆ ಬರೆದಿಡಿ. ಕಡೆಗೆ ಎಲ್ಲ ಮರವೂ ಯಾರದೋ ಒಲೆಯ ಬಾಯಿಗೇ ಬರುತ್ತದೆ.

ಇನ್ನು ನಿಮಗೆ, ಮಾನಪ್ಪನವರೇ. ನಿಮ್ಮ ಕೈ ವಾಸಿಯಾಯಿತೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ. ಇಮಾಂಬಿ ಅದನ್ನೇ ದಿನಾ ಕೇಳುತ್ತಾಳೆ. ನೀವಿನ್ನೂ ಆ ಮನೆಯ ಅಂಗಳದಲ್ಲಿ ಹಲಗೆಗಳ ನಡುವೆ ಕೂತಿದ್ದರೆ, ಕುಂಚ ಕೆಳಗಿಡಿ. ಗಾಳಿ ಬರುವ ಕಡೆಗೆ ಎದ್ದು ಹೋಗಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಿ, ಕೊಬ್ಬರಿ ಎಣ್ಣೆ ಸವರಿ, ನೆರಳಲ್ಲಿ ಒಂದಿಷ್ಟು ಮಲಗಿ. ಉಳಿದ ಹಲಗೆಗಳಿಗೆ ನಾಳೆ ಬರೆದರಾಯಿತು. ನಮಗೇನೂ ಅವಸರವಿಲ್ಲ. ಅವು ನಮ್ಮ ಕೈಗೆ ಬರಲು ಇನ್ನೂ ಬಹಳ ವರ್ಷಗಳಿವೆ.