ಎರಡನೆಯ ಚೀಟಿಯನ್ನೂ ಬಿಡಿಸಿ ನೋಡಿದೆ

ಗುರುವಾರ, ಹದಿನೇಳನೇ ತಾರೀಖು

ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಅಮ್ಮ ಪಕ್ಕದಲ್ಲೇ ಕೂತು ಕಿವಿ ಕೊಟ್ಟಿರುತ್ತಾಳೆ. ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಯವಳ ಕನ್ನಡ ಎಂದು ನಗುವುದಾದರೆ ಕೊನೆಯವರೆಗೆ ಓದಿ ನಗು.

ಭಾನುವಾರದ ಚೀಟಿಗಳ ವಿಷಯ. ಕತ್ತಿನ ಗ್ರಂಥಿ ತೆಗೆಸುವುದೋ ಬೇಡವೋ, ದೇವರೇ ಹೇಳಲಿ ಎಂದು ಅಮ್ಮ ಹಟ ಹಿಡಿದಳು. ನೀನು ಅಡುಗೆಮನೆಗೆ ಹೋಗಿ ಎರಡು ಚೀಟಿ ಬರೆದು, ಮಡಚಿ ತಂದು, ಪಟದ ಮುಂದೆ ಬಟ್ಟಲಲ್ಲಿ ಇಟ್ಟೆ. ಅಮ್ಮ ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. 'ಬೇಡ' ಎಂದಿತ್ತು. "ಅವನೇ ಹೇಳಿಬಿಟ್ಟ, ಇನ್ನು ನೀವಿಬ್ಬರೂ ಜಗಳ ನಿಲ್ಲಿಸಿ," ಎಂದಳು. ಅವಳ ಮುಖ ಅಷ್ಟು ಹಗುರವಾಗಿದ್ದು ಕಂಡು ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಊಟವಾದ ಮೇಲೆ ನೀನು ಹೊಲಿಗೆಗೆ ಬಂದವರ ಅಳತೆ ತೆಗೆಯುತ್ತಿದ್ದಾಗ ನಾನು ಎರಡನೆಯ ಚೀಟಿಯನ್ನೂ ಬಿಡಿಸಿ ನೋಡಿದೆ. ಅದರಲ್ಲೂ 'ಬೇಡ'. ಅದೇ ಪೆನ್ನು, ಅದೇ ಅವಸರದ ಅಕ್ಷರ.

ನಾಲ್ಕು ದಿನದಿಂದ ಇದೇ ಯೋಚನೆ. ಆಪರೇಷನ್ ಆದರೆ ಆರೈಕೆಯೆಲ್ಲ ನಿನ್ನ ತಲೆಗೆ ಬರುತ್ತದೆಂದೋ? ಅಮ್ಮನೇ ಹೇಳಿ ಬರೆಸಿದಳೋ? ಇಲ್ಲವೇ ಅಪ್ಪ ಆಪರೇಷನ್ ಕೋಣೆಯಿಂದ ವಾಪಸ್ ಬರಲಿಲ್ಲ ಎಂಬ ಭಯವೋ? ಕೊನೆಯದೇ ಇರಲಿ ಎಂದು ಮನಸ್ಸು ಬಯಸುತ್ತದೆ. ಬಯಸುವ ಮನಸ್ಸಿನ ಮೇಲೂ ಅನುಮಾನ.

ಅವತ್ತು ಬೆಳಿಗ್ಗೆ ನೀನು ಹೇಳಿದ್ದೆಯಲ್ಲ: "ನಿನ್ನ ಲ್ಯಾಬಲ್ಲಿ ರಕ್ತ ನೋಡೋ ಮಷೀನೂ ಒಂದು ದೇವರೇ ಕಣೆ. ಅದರ ಹೊಟ್ಟೇಲಿ ಏನಿದೆ ಅಂತ ನೀನು ಕಂಡಿದ್ದೀಯಾ? ಅದೂ ಚೀಟಿ ಕೊಡುತ್ತೆ, ನೀನು ನಂಬ್ತೀಯ." ನಾನು ಭಾಷಣ ಬಿಗಿದೆ. ನಮ್ಮದು ಕುರುಡು ನಂಬಿಕೆಯಲ್ಲ, ದಿನಾ ಬೆಳಿಗ್ಗೆ ಉತ್ತರ ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ ಹಾಕಿ ಮಷೀನನ್ನೇ ಪರೀಕ್ಷೆ ಮಾಡುತ್ತೇವೆ, ತಪ್ಪಿದರೆ ಯಾರ ರಕ್ತವನ್ನೂ ಅದಕ್ಕೆ ಹಾಕುವುದಿಲ್ಲ ಎಂದೆ. "ಓಹೋ, ಅದಕ್ಕೂ ಬೆಳಗಿನ ಪೂಜೆ ಇದೆ ಅನ್ನು," ಎಂದು ನೀನು ನಕ್ಕೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿನಗೆ ತಕ್ಕ ಉತ್ತರ ಹೊಳೆಯಿತು. ನಿಜವಾಗಿ ನಂಬುವವಳು ಎರಡರಲ್ಲೂ ಒಂದೇ ಮಾತು ಬರೆಯುತ್ತಾಳೆಯೇ? ದೇವರು 'ಬೇಕು' ಎಂದುಬಿಟ್ಟಾನೆಂದು ಅವನಿಗೆ ಬಾಯಿ ತೆರೆಯಲೇ ನೀನು ಬಿಡಲಿಲ್ಲ. ಬಹಳ ಖುಷಿಯಾಯಿತು. ನನ್ನ ಸ್ಟಾಪು ಬರುವಷ್ಟರಲ್ಲಿ ಆ ಮಾತು ನನಗೇ ತಿರುಗಿತ್ತು.

ಅಮ್ಮನ ರಕ್ತ ನೋಡಿದ ದಿನ ಬೆಳಗಿನ ಸ್ಯಾಂಪಲ್ ತಪ್ಪಿತ್ತು, ಅಕ್ಕ. ಕ್ಯಾಲ್ಸಿಯಂ ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸಿತು. ಇನ್ನೊಮ್ಮೆ ಹಾಕಿದೆ, ಮತ್ತೂ ಹೆಚ್ಚು. ಮಷೀನು ನಿಲ್ಲಿಸಿ ರಿಪೇರಿಯವನನ್ನು ಕರೆಯಬೇಕಿತ್ತು. ಆದರೆ ಡಾಕ್ಟರು ಮಧ್ಯಾಹ್ನ ಹೊರಟುಬಿಡುತ್ತಿದ್ದರು, ಅಮ್ಮನ ಟ್ಯೂಬು ಎದುರಿಗೇ ಇತ್ತು. ಹನ್ನೆರಡು ವರ್ಷದಿಂದ ಈ ಮಷೀನು ನನಗೆ ಗೊತ್ತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅಂದುಕೊಂಡೆ. ಮೂರನೆಯ ಸಲ ಸರಿಯಾದ ಅಂಕಿ ಬಂತು. ರಿಜಿಸ್ಟರಿನಲ್ಲಿ ಅದೊಂದನ್ನೇ ಬರೆದೆ. ಆಮೇಲೆ ಅಮ್ಮನ ಕ್ಯಾಲ್ಸಿಯಂ ಹೆಚ್ಚು ಬಂತು; ಕತ್ತಿನ ಆ ಗ್ರಂಥಿ ಕೆಟ್ಟರೆ ಏರುವುದು ಅದೇ. ಸ್ಕ್ಯಾನಿನಲ್ಲಿ ಸ್ಪಷ್ಟವಿಲ್ಲ ಎನ್ನುತ್ತಿದ್ದ ಡಾಕ್ಟರು ಆ ಅಂಕಿ ನೋಡಿ ಆಪರೇಷನ್ ಎಂದರು.

ಹಾಗಾದರೆ ನಿನ್ನದೂ ನನ್ನದೂ ಒಂದೇ ಅನ್ನುತ್ತೀಯೇನೋ. ಒಪ್ಪಲು ಈಗಲೂ ಮನಸ್ಸಿಲ್ಲ. ನನ್ನ ತಪ್ಪು ಹಿಡಿಯಲು ರಿಜಿಸ್ಟರಿದೆ, ಬೇರೆ ಲ್ಯಾಬುಗಳಿವೆ. ಆದರೆ ರಿಜಿಸ್ಟರು ಬರೆಯುವ ಕೈ ನನ್ನದೇ. ನಿನ್ನ ಚೀಟಿ ಬಿಡಿಸಿ ನೋಡಲು ನಾನಾದರೂ ಇದ್ದೆ. ನನ್ನ ಚೀಟಿಯನ್ನು ಯಾರೂ ಬಿಡಿಸಲಿಲ್ಲ.

ಇವತ್ತು ಬೆಳಿಗ್ಗೆ, ಅಂದು ಮುಚ್ಚಿಟ್ಟ ಆ ಎರಡು ತಪ್ಪು ಅಂಕಿಗಳನ್ನೂ ಬರೆದು, ಸಹಿ ಹಾಕಿ, ನಮ್ಮ ಮುಖ್ಯಸ್ಥೆಯ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ತೆಗೆದು, ಹೀಗೆ ಇನ್ನೆಷ್ಟು ಸಲ ಮಾಡಿದ್ದೀ ಎಂದು ಕೇಳಿದರು. ಇದೊಂದೇ ಸಲ ಎಂದೆ. ನಂಬಿದಂತೆ ಕಾಣಲಿಲ್ಲ. ನಾಳೆಯಿಂದ ಮಷೀನಿನ ಹತ್ತಿರ ಹೋಗಬೇಡ ಎಂದಿದ್ದಾರೆ.

ದೇವರು ಬೇಡ ಅಂದ ಎಂದು ಅಮ್ಮನಿಗೆ ಇನ್ನು ಹೇಳಬೇಡ. ಮಷೀನು ಬೇಕು ಅಂದಿತು ಎಂದು ನಾನೂ ಹೇಳುವುದಿಲ್ಲ.

ನೀನೇ ಹೆಸರಿಟ್ಟ ಅನುಮಾನದ ಗೂಡು,
ನಿನ್ನ ತಂಗಿ

ತಾ.ಕ.: ಭಾನುವಾರ ಹೊರಡುವಾಗ ವಿಟಮಿನ್ ನೋಡಲು ಎಂದು ಅಮ್ಮನ ರಕ್ತ ತೆಗೆದೆನಲ್ಲ, ಅದು ಸುಳ್ಳು. ಕ್ಯಾಲ್ಸಿಯಂ ನೋಡಲು ಬೇರೆ ಲ್ಯಾಬಿಗೆ ಕೊಟ್ಟೆ. ಸೋಮವಾರ ಬಂದ ವರದಿ ಈ ಕಾಗದದ ಜೊತೆಗಿದೆ. ನಾನು ತೆರೆದಿಲ್ಲ. ಅಮ್ಮನ ಎದುರಿಗೇ ಬಿಡಿಸಿ, ಗಟ್ಟಿಯಾಗಿ ಓದು. ಲಕೋಟೆಯ ಅಂಟಿನ ಮೇಲಿರುವ ಸಹಿ ನಮ್ಮ ಲ್ಯಾಬಿನವಳೊಬ್ಬಳದು. ತೆರೆದರೆ ಗೊತ್ತಾಗಲಿ ಎಂದು ಬಂದ ದಿನವೇ ಕೇಳಿ ಹಾಕಿಸಿಕೊಂಡೆ. ನಿನ್ನ ಮೇಲೆ ಅನುಮಾನ ಎಂದುಕೊಳ್ಳಬೇಡ. ಮೂರು ದಿನ ಅದು ನನ್ನ ಚೀಲದಲ್ಲೇ ಇತ್ತು.