ಕುರ್ಚಿ ಬಿಟ್ಟು ಏಳಬೇಡ

ತಾಯಲೂರು
ಭಾನುವಾರ, 9 ನವೆಂಬರ್ 2025

ಚಿ. ಶ್ರೀವಾಣಿಗೆ ಅಮ್ಮನ ಆಶೀರ್ವಾದಗಳು.

ಇತ್ತ ನಿಮ್ಮಪ್ಪನ ಮಂಡಿನೋವು ಬಿಟ್ಟರೆ ಕ್ಷೇಮ, ನನ್ನ ಯೋಚನೆ ಬಿಟ್ಟರೆ ಕ್ಷೇಮ. ಅಮ್ಮ ಕಾಗದ ಯಾಕೆ ಬರೆದಳು ಅಂತ ನಗಬೇಡ. ಫೋನು ಹಿಡಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಉಂಡೆಯಾ, ನೀರು ಕಾಯಿಸಿ ಕುಡಿದೆಯಾ, ಕ್ವಾರ್ಟರ್ಸಿನ ಹಿಂದಿನ ಬಾಗಿಲಿಗೆ ಚಿಲಕ ಹಾಕಿದೆಯಾ ಅಂತ ಶುರುವಾಗುತ್ತದೆ. ನೀನು "ಎಲ್ಲಾ ಸರಿ ಇದೆ ಅಮ್ಮ" ಅಂದು ಇಟ್ಟುಬಿಡುತ್ತೀಯ. ಕಾಗದವನ್ನೂ ನೀನು ಅರ್ಧಕ್ಕೆ ಇಡಬಹುದು. ಆದರೆ ಮತ್ತೆ ಎತ್ತಿಕೊಳ್ಳಲೂಬಹುದು.

ಮೊನ್ನೆ ಕೆಲಸ ಬಿಡುವ ವಿಷಯ ಹೇಳಿದೆಯಲ್ಲ. ಮಾಲೂರಿನ ಸರ್ಕಾರಿ ಆಸ್ಪತ್ರೆಗೆ ಈ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ನರಸಾಪುರದ ಯಾವುದೋ ಕಂಪನಿಯಲ್ಲಿ ನರ್ಸಾಗಿ ಸೇರುತ್ತೇನೆ, ಅಲ್ಲಿ ಬೆರಳು ಕುಯ್ದುಕೊಂಡವರಿಗೆ ಪಟ್ಟಿ ಕಟ್ಟಿದರೆ ಆಯಿತು, ಕಂಪನಿ ಬಸ್ಸು ಮನೆ ಹತ್ತಿರಕ್ಕೇ ಬರುತ್ತದೆ ಅಂದೆ. ನಾನು ಹೂಂ ಅಂದೆ. ಅದೊಂದು ಹೂಂ ಅನ್ನಲು ಎಷ್ಟು ಕಷ್ಟಪಟ್ಟೆ ಅಂತ ನಿಮ್ಮಪ್ಪನನ್ನು ಕೇಳು. ಈ ಕಾಗದದಲ್ಲಿ ಬಿಡು ಅಂತಲೂ ಬರೆಯುವುದಿಲ್ಲ, ಇರು ಅಂತಲೂ ಬರೆಯುವುದಿಲ್ಲ. ನನ್ನ ಹೊಸ ಕೆಲಸದ ಸುದ್ದಿಯನ್ನಷ್ಟೇ ಬರೆಯುತ್ತೇನೆ. ಓದಿ ಮಡಚಿಡು.

ಜುಲೈನಲ್ಲಿ ಕೋಲಾರಕ್ಕೆ ತರಬೇತಿಗೆ ಹೋಗಿದ್ದೆನಲ್ಲ, ಅದರಿಂದ ಶುರು. ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸುಗಳಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ಹಳಬರೊಬ್ಬರನ್ನು ಜೊತೆಮಾಡುವ ಕಾರ್ಯಕ್ರಮ. ಮೊದಲಿಗೆ ಮುಳಬಾಗಿಲು, ಶ್ರೀನಿವಾಸಪುರ ಎರಡೇ ತಾಲ್ಲೂಕು. ಹಳಬರಿಗೆ ಇಂಗ್ಲಿಷಿನಲ್ಲಿ ಮೆಂಟರ್ ಅಂತೆ. ನನ್ನ ಓದು ನಿನಗೆ ಗೊತ್ತು. ಏಳನೆಯ ತನಕ ಒಂದು ತುಂಡು, ಅಲ್ಲಿಗೆ ನಿಂತು ಮದುವೆ. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹತ್ತನೆಯದು ಕಟ್ಟಿ ಪಾಸು ಮಾಡಿದ್ದು ಇನ್ನೊಂದು ತುಂಡು. ಅದಕ್ಕೆ ತೇಪೆ ಹಾಕಿದ ಹಾಗೆ ಆರೋಗ್ಯ ಕಾರ್ಯಕರ್ತೆಯ ತರಬೇತಿ. ಬಿ.ಎಸ್ಸಿ. ನರ್ಸಿಂಗ್ ಮಾಡಿ ಬಂದ ಹುಡುಗಿಯರಿಗೆ ನಾನು ಏನು ಹೇಳಿಕೊಡಲಿ? ಎದ್ದು ನಿಂತು ಹಾಗೇ ಕೇಳಿಯೂಬಿಟ್ಟೆ.

ಇದರ ಉಸ್ತುವಾರಿ ಜಿಲ್ಲಾ ಕಚೇರಿಯ ಡಾಕ್ಟರ್ ನಂದಕಿಶೋರ್ ಅವರದು. "ಹೇಳಿಕೊಡೋಕಲ್ಲ ಆಂಜಿನಮ್ಮನೋರೇ, ಜೊತೆಗಿರೋಕೆ" ಅಂದರು. ಹಿಂದಿನ ಸಾಲಿನಿಂದ ನಮ್ಮ ಲ್ಯಾಬಿನ ಕದಿರೇಶ್, "ಮೇಲಿಂದ ಬಂದಿರೋ ಸ್ಕೀಮು ಕಣಕ್ಕ, ಆರು ತಿಂಗಳಿಗೆ ಮೇಲಕ್ಕೇ ಹೋಗುತ್ತೆ, ಸುಮ್ನೆ ಕೂತ್ಕೋ" ಅಂದ. ಪಕ್ಕದಲ್ಲಿ ಶ್ರೀನಿವಾಸಪುರದ ಹಿರಿಯ ನರ್ಸು ಪ್ರಿಯಂವದಾ ಕೂತಿದ್ದರು. ಮಾತು ಕಡಿಮೆ, ಆಡಿದರೆ ಚುಚ್ಚು. "ಹೆರಿಗೆ ನೋವು ಬರೋಕೆ ಮುಂಚೆ ಮಗೂಗೆ ಮದುವೆ ಚಿಂತೆ ಮಾಡೋರು ನೀವು" ಅಂದರು. ನನಗೆ ಸಿಟ್ಟು ಬಂತು. ಮಧ್ಯಾಹ್ನ ತಮ್ಮ ಡಬ್ಬಿಯ ಚಟ್ನಿಯನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕಿದ ಮೇಲೆ ಇಳಿಯಿತು.

ನನಗೆ ಜೊತೆಮಾಡಿದ್ದು ಮೌನಿಕಾ ಅನ್ನುವ ಹುಡುಗಿಯನ್ನು. ಆಂಧ್ರದ ಗಡಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸು. ನಿನ್ನದೇ ವಯಸ್ಸು. ಚುರುಕು ಹುಡುಗಿ, ಆದರೆ ಹೆರಿಗೆಗೆ ಯಾರು ಬಂದರೂ ಮುಟ್ಟುವುದಿಲ್ಲ, ಆಂಬುಲೆನ್ಸ್ ಕರೆಸಿ ಕೋಲಾರಕ್ಕೆ ಕಳಿಸಿಬಿಡುತ್ತಾಳೆ. ಹೆರಿಗೆ ಕೋಣೆಯ ಮೇಜಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ತೆಗೆದು ತಿಂಗಳುಗಳೇ ಆಗಿವೆ ಅಂತ ಸುದ್ದಿ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ಮೊದಲ ಸಲ ನಾನು ಹೋದಾಗ ಏನು ನೋಡಿದೆ ಗೊತ್ತಾ? ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ. ಅದರ ಮೇಲೆ ಅಂಚಿಗೆ ಅಂಚು ಕೂಡಿಸಿ ಪೇರಿಸಿದ ರಿಜಿಸ್ಟರುಗಳು. ತಟ್ಟೆಯಲ್ಲಿ ಬಿಸ್ಕತ್ತು, ಲೋಟದಲ್ಲಿ ಬಾದಾಮಿ ಹಾಲು. ನಾನು ಒಳಗೆ ಕಾಲಿಟ್ಟ ತಕ್ಷಣ ಆ ಹುಡುಗಿ ಎದ್ದು ತನ್ನ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ನನಗೆ ಕೊಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತಳು. ನಮ್ಮ ಇಲಾಖೆಯಲ್ಲಿ ಹಾಗೇ ಅಲ್ಲವಾ. ಹೊರಗಿನಿಂದ ಯಾರು ಬಂದರೂ ಕೂತವರು ಏಳಬೇಕು, ಬಂದವರು ಕೂತು ರಿಜಿಸ್ಟರ್ ತಿರುವಬೇಕು. ಯಾರೂ ಹೇಳಿಕೊಟ್ಟಿದ್ದಲ್ಲ, ಎಲ್ಲರಿಗೂ ಬರುತ್ತದೆ. ನನಗೂ ಬಂತು. ಕೂತೆ. ತಿರುವಿದೆ. ಏನಮ್ಮ ಸಮಾಚಾರ ಅಂದೆ. "ಎಲ್ಲಾ ಸರಿ ಇದೆ ಅಕ್ಕಾ" ಅಂದಳು. ಎರಡನೆಯ ಸಲವೂ ಅದೇ ಬಟ್ಟೆ, ಅದೇ ಬಾದಾಮಿ ಹಾಲು, ಎಲ್ಲಾ ಸರಿ ಇದೆ ಅಕ್ಕಾ. ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತು ಎಲ್ಲೋ ಕೇಳಿದ್ದೇನಲ್ಲ ಅಂತ ಯೋಚಿಸಿದೆ. ಎಲ್ಲಿ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಲ ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ನನ್ನ ಬ್ಯಾಗಿನ ತುಂಬ ಹಸಿ ಕಡಲೆಕಾಯಿ ಸುರಿದಳು. ಆಸ್ಪತ್ರೆಗೆ ಹೋದ ನಾನು ಒಳಗೆ ಹೋಗಲೇ ಇಲ್ಲ. ವರಾಂಡದಲ್ಲಿ ರೋಗಿಗಳು ಕೂರುವ ಬೆಂಚಿನ ಮೇಲೆ ಕೂತೆ. ಮೌನಿಕಾ ಓಡಿ ಬಂದು "ಒಳಗೆ ಕುರ್ಚಿ ಇದೆ ಅಕ್ಕಾ" ಅಂದಳು. "ನಿನ್ನ ಕುರ್ಚಿ ನಿನಗಿರಲಿ, ಬಾ, ಕಡಲೆಕಾಯಿ ಬಿಡಿಸು" ಅಂದೆ. ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕೂತಳು. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ, ಇಬ್ಬರೂ ರಸ್ತೆ ನೋಡಿಕೊಂಡು ಬಿಡಿಸಿದೆವು. ಅವಳು ದಿನಾ ಒರೆಸುವ ನೆಲದ ಮೇಲೆ ಸಿಪ್ಪೆ ಬಿತ್ತು. ಅವಳೂ ಹಾಗೇ ಬಿಟ್ಟಳು.

ಆಗ ಬಂತು ಮಾತು. ಬೇಸಿಗೆಗೆ ಮುಂಚೆ ಒಂದು ಹೆರಿಗೆ ಕಷ್ಟವಾಗಿತ್ತಂತೆ. ಮಗು ಅಳಲು ತಡಮಾಡಿತು. ಇವಳು ಕೈಬಿಡದೆ ಮಾಡಬೇಕಾದ್ದೆಲ್ಲ ಮಾಡಿ ಅಳಿಸಿದಳು, ತಾಯಿ ಮಗು ಇಬ್ಬರೂ ಚೆನ್ನಾಗಿ ಮನೆಗೆ ಹೋದರು. ಆದರೆ ಅವರ ಕಡೆಯವರೊಬ್ಬರು ಬಾಗಿಲ ಸಂದಿಯಿಂದ ಫೋನಿನಲ್ಲಿ ವೀಡಿಯೊ ಮಾಡಿ, ಈ ನರ್ಸಿಗೆ ಏನೂ ಬರುವುದಿಲ್ಲ ಅಂತ ಬರೆದು ಊರಿನ ಗುಂಪಿಗೆಲ್ಲ ಹಾಕಿದರು. "ಡಿಪಾರ್ಟ್‌ಮೆಂಟಿನವ್ರು ಯಾರಾದ್ರೂ ಫೋನ್ ಮಾಡಿ ಹೇಗಿದ್ದೀಯಮ್ಮಾ ಅಂತಾರೇನೋ ಅಂತ ಕಾದೆ ಅಕ್ಕಾ. ಬಂದಿದ್ದು ನೋಟಿಸು. ವಿವರಣೆ ಕೊಡು ಅಂತ" ಅಂದಳು.

ಶ್ರೀವಾಣಿ, ಆಗ ನನ್ನ ಬಾಯಿಗೆ ಬುದ್ಧಿಮಾತುಗಳು ಸಾಲುಸಾಲಾಗಿ ಬಂದು ನಿಂತಿದ್ದವು. ಧೈರ್ಯ ತಗೋ, ಬಾಗಿಲು ಭದ್ರ ಹಾಕು, ಅದನ್ನು ಬರೆದಿಡು, ಇದನ್ನು ಮಾಡು. ಒಂದೊಂದು ಮಾತು ಬಂದಾಗಲೂ ಒಂದೊಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡೆ. ಆವತ್ತು ನನಗೆ ಊಟ ಸೇರಲಿಲ್ಲ. ನಿಮ್ಮಪ್ಪ "ಏನೇ, ಇಷ್ಟು ಸುಮ್ನಿದ್ದೀಯ, ನೀನು ಯೋಚನೆ ಮಾಡೋದು ನಿಲ್ಸಿದ್ರೆ ನಂಗೆ ಭಯ ಆಗ್ತದೆ" ಅಂದರು.

ಆ ತಿಂಗಳ ಸಭೆಗೆ ಕೋಲಾರಕ್ಕೆ ಹೋದಾಗ ನಾನೇ ಎದ್ದೆ. ಮೌನಿಕಾಳ ಹೆಸರು ಎತ್ತಲಿಲ್ಲ. ನಾವು ಹೋದರೆ ಇನ್ಸ್‌ಪೆಕ್ಷನ್ ಅಂದುಕೊಳ್ಳುತ್ತಾರೆ ಸಾರ್, ತಪ್ಪು ಅವರದಲ್ಲ, ನಾವೂ ಇನ್ಸ್‌ಪೆಕ್ಷನ್ ಥರವೇ ಹೋಗುತ್ತೇವೆ ಅಂದೆ. ನಮಗೆ ಕೊಟ್ಟಿದ್ದ ಟಿಕ್ಕು ಹಾಕುವ ಫಾರಂ ನಿಲ್ಲಿಸಿ ಅಂದೆ. "ಫಾರಂ ಇಲ್ಲದಿದ್ರೆ ಮೇಲಿನವ್ರಿಗೆ ನಾನೇನು ತೋರಿಸ್ಲಿ?" ಅಂದರು ಡಾಕ್ಟರು. "ಭೇಟಿಯಾದ ತಾರೀಖು ತೋರಿಸಿ ಸಾರ್. ಆಡಿದ ಮಾತು ಆಡಿದೋರ ಹತ್ರಾನೇ ಇರ್ಲಿ" ಅಂದೆ. ಇನ್ನೂ ಒಂದು ಹೇಳಿದೆ. ಯಾರ ಮುಂದೆ ಭೇಷ್ ಅನ್ನಿಸಿಕೊಳ್ಳಬೇಕು ಅಂತ ಹುಡುಗಿಗೆ ಇರುತ್ತದೋ ಅಂಥವರನ್ನು ಜೊತೆಮಾಡಬೇಡಿ. ಮೇಲಧಿಕಾರಿ ಬೇಡ, ಅದೇ ಆಸ್ಪತ್ರೆಯವರು ಬೇಡ, ನೆಂಟರಂತೂ ಬೇಡವೇ ಬೇಡ. ಪ್ರಿಯಂವದಾ ನನ್ನನ್ನು ಓರೆಗಣ್ಣಲ್ಲಿ ನೋಡಿ "ಮದುವೆ ಚಿಂತೆ ಬಿಟ್ಟು ಹೆರಿಗೆಗೆ ಬಂದ್ರಿ" ಅಂದರು. ಡಾಕ್ಟರು ಬರೆದುಕೊಂಡರು. ಈಗ ಅದೇ ನಿಯಮ. ಕಾರ್ಯಕ್ರಮ ಮೇಲಕ್ಕೆ ಹೋಗಿಲ್ಲ ಅಂತ ಕದಿರೇಶನಿಗೆ ದಿನಾ ಜ್ಞಾಪಿಸುತ್ತೇನೆ.

ಇನ್ನು ಈ ಗುರುವಾರದ ಸಂಗತಿ. ನಾನು ಬೆಂಚಿನ ಮೇಲೆ ಕೂತಿದ್ದಾಗಲೇ ಆಟೋದಲ್ಲಿ ಶಾಮಲಮ್ಮ ಅಂತ ಒಬ್ಬ ಹೆಂಗಸು ತನ್ನ ಸೊಸೆಯನ್ನು ಕರೆತಂದಳು. ನೋವು ಜೋರಾಗಿತ್ತು. ಆ ಆಸ್ಪತ್ರೆಯ ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಮೌನಿಕಾ ಪರೀಕ್ಷೆ ಮಾಡಿ ಹೊರಗೆ ಬಂದು, ಡಾಕ್ಟರಿಗೆ ಫೋನು ಮಾಡಿ ಎಲ್ಲ ತಿಳಿಸಿದಳು, ಆಂಬುಲೆನ್ಸ್ ಎಲ್ಲಿದೆ ಅಂತ ಕೇಳಿದಳು. ಹತ್ತಿರದಲ್ಲೇ ಇತ್ತು. ಆಮೇಲೆ ಫೋನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು. "ಎಲ್ಲಾ ನಾರ್ಮಲ್ ಇದೆ ಅಕ್ಕಾ. ಕಳಿಸೋಕೆ ಕಾರಣ ಇಲ್ಲ" ಅಂದಳು. "ನೀವು ಒಳಗೆ ಬರ್ತೀರಾ?" ಅಂದಳು. ನನ್ನ ಕೈ ಕಾಲು ಆಗಲೇ ಒಳಗೆ ಹೋಗಿದ್ದವು ಅನ್ನು. ಆದರೂ "ನೀನು ಕರೆದ ಕ್ಷಣ ಬರ್ತೀನಿ. ಈಗ ಬಾಗಿಲಲ್ಲಿರ್ತೀನಿ" ಅಂದೆ. ಅವಳು ಹೋಗಿ ಆ ಮೇಜಿನ ಪ್ಲಾಸ್ಟಿಕ್ ತೆಗೆದ ಸದ್ದು ಹೊರಗೆ ಕೇಳಿಸಿತು.

ಬಾಗಿಲಲ್ಲಿ ನಿಲ್ಲುವುದು ಹೆರಿಗೆ ಮಾಡಿಸುವುದಕ್ಕಿಂತ ಕಷ್ಟ ಕಣೇ. ಶಾಮಲಮ್ಮ ಹೋಗುತ್ತಾ ಬರುತ್ತಾ, "ಏಮ್ಮಾ, ಅಂತಾ ಬಾಗುಂದಾ, ಎಲ್ಲಾ ಚೆನ್ನಾಗೈತಾ? ಆ ಹುಡುಗಿಗೆ ಬರ್ತೈತಾ? ಊರಲ್ಲಿ ಏನೇನೋ ಅಂತಾರೆ" ಅಂದಳು. "ಬರ್ತೈತೆ. ನೀನು ಕೂತ್ಕೊಳಮ್ಮಾ, ನಿನ್ ಕಾಲಿಗೂ ಬಿಪಿ ಬರ್ತೈತೆ" ಅಂದೆ. ಅಷ್ಟರಲ್ಲಿ ಅವಳ ಮಗ ಫೋನು ಎತ್ತಿ ಹಿಡಿದು ಬಾಗಿಲ ಕಡೆಗೆ ಬಂದ. ಬಾಗಿಲಿಗೆ ಅಡ್ಡ ನಿಂತೆ. "ವೀಡಿಯೊ ಬೇಕಾ? ಮೊದಲು ನನ್ನ ಮುಖ ತಗೋ. ಹೆಸ್ರು ಆಂಜಿನಮ್ಮ, ತಾಯಲೂರು, ಸರಿಯಾಗಿ ಬರ್ಕೋ. ಒಳಗಿರೋಳು ನನ್ನ ಹುಡುಗಿ. ಏನಂದ್ರೂ ನನಗೆ ಅನ್ನು" ಅಂದೆ. ಅವನು ಫೋನು ಇಳಿಸಿದ. ಶಾಮಲಮ್ಮ "ಇಡ್ಲಾ ಅದನ್ನ, ಒಳಗೆ ನಿನ್ ಹೆಂಡ್ತಿ ಅವ್ಳೆ, ಸಿನಿಮಾ ಅಲ್ಲ" ಅಂತ ಅವನ ಬೆನ್ನಿಗೆ ಒಂದು ಕೊಟ್ಟಳು.

ಒಳಗಿಂದ ಮೌನಿಕಾಳ ದನಿ ಬರುತ್ತಿತ್ತು. ಗಟ್ಟಿಯಾಗಿ, ನಿಧಾನವಾಗಿ ಹೇಳಿಕೊಡುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಮಗು ಅತ್ತಿತು. ಹೆಣ್ಣು ಮಗು, ಚೆನ್ನಾಗಿದೆ. ತಾಯಿಯ ಕೆಲಸವೆಲ್ಲ ಮುಗಿಸಿ, ಕೈ ತೊಳೆದು ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಎಲ್ಲಾ ಸರಿ ಇದೆ ಅಕ್ಕಾ ಅನ್ನಲಿಲ್ಲ. "ಅಕ್ಕಾ, ಕಾಲು ನಡುಗ್ತಾ ಇದೆ ನೋಡಿ" ಅಂದಳು. ಸೇವೆಗೆ ಸೇರಿದಾಗಿನಿಂದ ಇಂಥ ನಿಜವಾದ ವರದಿ ನನಗೆ ಯಾರೂ ಕೊಟ್ಟಿರಲಿಲ್ಲ. "ನನ್ನದೂ ನಡುಗ್ತಾ ಇದೆ" ಅಂದೆ. ಇಬ್ಬರೂ ಕಾಲು ನೋಡಿಕೊಂಡು ನಕ್ಕೆವು.

ಬರುವಾಗ ಬಸ್ಸಿನಲ್ಲಿ, ಇನ್ನೊಬ್ಬರ ಮಗಳನ್ನು ನನ್ನ ಹುಡುಗಿ ಅಂದೆನಲ್ಲ ಅಂತ ಅನ್ನಿಸಿತು. ನೀನು ಒಂದು ಸಲ, ಇಲ್ಲಿನ ಇಟ್ಟಿಗೆ ಗೂಡಿನ ಹೆಂಗಸರು ಎಲ್ಲೆಲ್ಲಿಂದಲೋ ಬಂದಿರುತ್ತಾರೆ, ಅವರ ಮಾತು ನನಗೆ ಬರುವುದಿಲ್ಲ, ಡಾಕ್ಟರು ಇರುವುದಿಲ್ಲ, ಯಾರನ್ನು ಕೇಳಲಿ ಅಂತ ಹೇಳಿದ್ದೆ. ನಾನು ಹಿಂದಿ ಕಲಿ ಅಂದೆ. ನೀನು ಕೇಳಿದ್ದು ಅದಲ್ಲ ಅಂತ ಈಗ ತಿಳಿಯುತ್ತದೆ. ನಿನ್ನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ಕದಿರೇಶ್ ಮಾಲೂರಿನ ನೆಂಟರ ಮನೆಗೆ ಹೊರಟಿದ್ದಾನೆ, ಅವನ ಕೈಲಿ ಇದನ್ನೂ ಕಡಲೆಬೀಜದ ಚಟ್ನಿಪುಡಿಯನ್ನೂ ಕಳಿಸುತ್ತಿದ್ದೇನೆ. ಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕು. ಇದೊಂದನ್ನು ಹೇಳಲು ಬಿಡು.

ಇಂತಿ, ಯೋಚನೆ ಬಿಡದ, ಆದರೆ ನಿನ್ನ ಮೇಲಿನ ನಂಬಿಕೆಯನ್ನೂ ಬಿಡದ
ನಿನ್ನ ಅಮ್ಮ
ಆಂಜಿನಮ್ಮ

ತಾಜಾ ಕಲಂ: ಇದು ಮರೆತು ಉಳಿದ ಮಾತಲ್ಲ, ಬರೆಯಲೋ ಬೇಡವೋ ಅಂತ ಇಟ್ಟುಕೊಂಡಿದ್ದು. ಕಾರ್ಯಕ್ರಮ ಈ ತಿಂಗಳು ಮಾಲೂರಿಗೂ ಬರುತ್ತಿದೆ. ಅಲ್ಲಿಗೆ ಮೊದಲ ಸುತ್ತಿನ ಜೊತೆಗಾರರು ನಮ್ಮ ಎರಡು ತಾಲ್ಲೂಕಿನವರೇ. ನನಗೆ ಬಂದ ಹೆಸರುಗಳಲ್ಲಿ ನಿನ್ನದೂ ಇತ್ತು. ಸರ್ಕಾರವೇ ಬಸ್ ಚಾರ್ಜು ಕೊಟ್ಟು ನನ್ನನ್ನು ಮಗಳ ಹತ್ತಿರ ಕಳಿಸುತ್ತಿದೆ ಅಂತ ಖುಷಿಪಟ್ಟು, ನಿಮ್ಮಪ್ಪನಿಗೂ ಹೇಳದೆ ಒಂದು ದಿನ ಇಟ್ಟುಕೊಂಡೆ. ಆಮೇಲೆ ಡಾಕ್ಟರಿಗೆ ನಾನೇ ಫೋನು ಮಾಡಿ, ನೆಂಟರು ಬೇಡ ಅಂದವಳು ನಾನೇ ಸಾರ್, ಆ ಹುಡುಗಿಯನ್ನು ಪ್ರಿಯಂವದಾ ಅವರಿಗೆ ಕೊಡಿ ಅಂದೆ. ಅವರು ಈ ಮಂಗಳವಾರ ನಿನ್ನ ಆಸ್ಪತ್ರೆಗೆ ಬರುತ್ತಾರೆ. ರಾಜೀನಾಮೆ ಕೊಡುವುದಾದರೆ ಅವರನ್ನು ಕಂಡ ಮೇಲೆ ಕೊಡು. ಚುಚ್ಚುತ್ತಾರೆ, ಆದರೆ ಬಾಗಿಲಲ್ಲಿ ನಿಲ್ಲುವವರು. ಅವರು ಬಂದಾಗ ಮೇಜು ಒರೆಸಬೇಡ, ಕುರ್ಚಿ ಬಿಟ್ಟು ಏಳಬೇಡ. ನೀವಿಬ್ಬರು ಏನು ಮಾತಾಡಿದಿರಿ ಅಂತ ನಾನು ಕೇಳುವುದಿಲ್ಲ. ಮನೆಯಲ್ಲಿ ಕಡಲೆಕಾಯಿ ಒಂದು ಮೂಟೆ ತಂದಿಟ್ಟುಕೊಂಡಿದ್ದೇನೆ.